ಜಪಾನಿನಿಂದ ಸೋಮವಾರಪೇಟೆಗೆ ಬರುವ ಕಂತು

ಜಪಾನಿನಲ್ಲಿ ಅನಿಮೆ ಸರಣಿಗಳು, ಅಂದರೆ ಅಲ್ಲಿಯ ಕಾರ್ಟೂನ್ ಧಾರಾವಾಹಿಗಳು, ಹೆಚ್ಚಾಗಿ ನಡುರಾತ್ರಿ ಕಳೆದ ಮೇಲೆ ಟಿವಿಯಲ್ಲಿ ಬರುತ್ತವೆ. ಅಲ್ಲಿಯ ಹೊತ್ತು ನಮಗಿಂತ ಮೂರೂವರೆ ಗಂಟೆ ಮುಂದೆ. ಟೋಕಿಯೊದಲ್ಲಿ ರಾತ್ರಿ ಒಂದು ಗಂಟೆ ಆದಾಗ ನಮ್ಮ ಸೋಮವಾರಪೇಟೆಯಲ್ಲಿ ಒಂಬತ್ತೂವರೆ. ಊಟ ಮುಗಿದು, ಪಾತ್ರೆ ತೊಳೆದು, ಬಾಗಿಲು ಹಾಕುವ ಸಮಯ. ಆ ಹೊತ್ತಿಗೆ ಇಲ್ಲಿನ ಎಷ್ಟೋ ಮನೆಗಳಲ್ಲಿ ಹೈಸ್ಕೂಲು, ಪಿಯುಸಿ ಓದುವ ಮಕ್ಕಳು ಫೋನ್ ಹಿಡಿದು ಕಾಯುತ್ತಿರುತ್ತಾರೆ. ಅಲ್ಲಿ ಪ್ರಸಾರವಾದ ಕಂತು ಸ್ವಲ್ಪ ಹೊತ್ತಿನಲ್ಲೇ ಇಲ್ಲೂ ಬರುತ್ತದೆ. ಹಕ್ಕು ಪಡೆದು, ಸಲ್ಲಬೇಕಾದವರಿಗೆ ದುಡ್ಡು ಸಲ್ಲಿಸಿ ತಂದ ಕಂತು ಅದು.

ಇದನ್ನು ಇಂಟರ್ನೆಟ್ ಮೂಲಕ ನಮಗೆ ತರುವ ಕಂಪನಿ ಕ್ರಂಚಿರೋಲ್. ಅನಿಮೆಯ ಗಂಧಗಾಳಿ ಇಲ್ಲದವರಿಗೆ ಹೆಸರು ಹೊಸದಿರಬಹುದು. ನೋಡುವವರಿಗೆ ಇದು ದಿನಬಳಕೆಯ ಮಾತು. ಈ ಸೇವೆ ಬೆಳೆದ ರೀತಿ ನನಗೆ ಬಹಳ ಇಷ್ಟ. ಅದರ ಬೆಳವಣಿಗೆಯಲ್ಲಿ ಕನ್ನಡಕ್ಕೆ ಇನ್ನೂ ಸಿಗದ ಒಂದು ಜಾಗ ಇದೆ, ಅದನ್ನು ನಾವು ಕೇಳಿ ಪಡೆಯಬೇಕು ಅನ್ನುವುದು ನನ್ನ ಆಸೆ. ಅದಕ್ಕೇ ಇಷ್ಟುದ್ದ ಬರೆಯಲು ಕೂತಿದ್ದೇನೆ.

ನನ್ನದು ಬಸ್ ಸ್ಟ್ಯಾಂಡ್ ಹತ್ತಿರ ಒಂದು ಡಿಟಿಪಿ, ಜೆರಾಕ್ಸ್ ಅಂಗಡಿ. ಅರ್ಜಿ, ಮದುವೆ ಕಾಗದ, ಪಹಣಿ ತಿದ್ದುಪಡಿಯ ಮನವಿ, ಸಂಘದ ವಾರ್ಷಿಕ ವರದಿ, ಹೀಗೆ ದಿನವಿಡೀ ಕನ್ನಡ ಟೈಪ್ ಮಾಡುವುದೇ ಕೆಲಸ. ಮೊದಲು ಇದೇ ಜಾಗದಲ್ಲಿ ಅಣ್ಣ ಸೈಬರ್ ಕೆಫೆ ಇಟ್ಟಿದ್ದ. ಆಗ ಹುಡುಗರು ಪ್ರಿಂಟ್‌ಔಟಿಗೆ ಕಾಯುತ್ತ ಪೆನ್ ಡ್ರೈವ್ ಅದಲುಬದಲು ಮಾಡಿಕೊಳ್ಳುತ್ತಿದ್ದರು. ಮೈಸೂರಿನಲ್ಲೋ ಬೆಂಗಳೂರಿನಲ್ಲೋ ಹಾಸ್ಟೆಲಿನಲ್ಲಿದ್ದ ಅಣ್ಣಂದಿರು ಹಬ್ಬಕ್ಕೆ ಊರಿಗೆ ಬರುವಾಗ ತುಂಬಿಸಿಕೊಂಡು ತಂದ ಕಂತುಗಳು ಅದರಲ್ಲಿ ಇರುತ್ತಿದ್ದವು. ಹನ್ನೆರಡನೇ ಕಂತು ಇದ್ದರೆ ಹದಿಮೂರನೆಯದು ಇಲ್ಲ. ಇದ್ದರೂ ಸಬ್‌ಟೈಟಲ್ ಅರ್ಧಕ್ಕೇ ನಿಂತಿರುತ್ತದೆ. ಮುಂದಿನ ಕತೆ ಬೇಕಾದರೆ ಇನ್ನೊಂದು ಹಬ್ಬಕ್ಕೆ ಕಾಯಬೇಕು. ಆ ಮಕ್ಕಳ ಹತ್ತಿರ ದುಡ್ಡು ಇತ್ತೋ ಇಲ್ಲವೋ, ಆ ಮಾತು ಆಮೇಲಿನದು. ದುಡ್ಡು ಕೊಡುತ್ತೇನೆ ಅಂದರೂ ತಗೊಳ್ಳುವವರು ಯಾರೂ ಇರಲಿಲ್ಲ.

ಕ್ರಂಚಿರೋಲ್ ಹುಟ್ಟಿದ್ದೂ ಇಂಥ ಅದಲುಬದಲಿನಿಂದಲೇ. ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಓದಿದ ಕೆಲವು ಗೆಳೆಯರು 2006ರಲ್ಲಿ ಅದನ್ನು ಶುರು ಮಾಡಿದರು. ಯಾರು ಬೇಕಾದರೂ ವಿಡಿಯೊ ಹಾಕಬಹುದಿತ್ತು, ಯಾರು ಬೇಕಾದರೂ ನೋಡಬಹುದಿತ್ತು. ಹಾಕಿದ್ದರಲ್ಲಿ ಬಹುಪಾಲು ಹಕ್ಕಿಲ್ಲದ ಪ್ರತಿಗಳು. ಸಬ್‌ಟೈಟಲ್ ಮಾಡುತ್ತಿದ್ದವರು ಅಭಿಮಾನಿಗಳು. ಹೀಗೆ ಸಂಬಳವಿಲ್ಲದೆ ಅನುವಾದ ಮಾಡಿ ಹಂಚುವ ರೂಢಿ ವಿಡಿಯೊ ಕ್ಯಾಸೆಟ್ಟಿನ ಕಾಲದಿಂದಲೇ ಇತ್ತು. ಕಾನೂನಿನ ಕಣ್ಣಿಗೆ ಅದು ತಪ್ಪೇ. ಆದರೆ ಜಪಾನಿನ ಆಚೆ ಅನಿಮೆಗೆ ನೋಡುಗರು ಹುಟ್ಟಿಕೊಂಡಿದ್ದರಲ್ಲಿ ಅವರ ಪಾಲು ದೊಡ್ಡದು. ಎರಡೂ ನಿಜ, ಒಂದನ್ನು ಹೇಳಿ ಇನ್ನೊಂದನ್ನು ಬಿಡಲು ನನಗೆ ಮನಸ್ಸಿಲ್ಲ.

2008ರಲ್ಲಿ ವೆನ್ರಾಕ್ ಅನ್ನುವ ಹೂಡಿಕೆ ಸಂಸ್ಥೆ ಇದಕ್ಕೆ 40.5 ಲಕ್ಷ ಡಾಲರ್ ಹಾಕಿತು. ಅಮೆರಿಕದಲ್ಲಿ ಕಾನೂನುಬದ್ಧವಾಗಿ ಅನಿಮೆ ಮಾರುತ್ತಿದ್ದ ಕಂಪನಿಗಳಿಗೆ ಇದು ಸಿಟ್ಟು ತರಿಸಿತು. ನಾವು ರೈಟ್ಸ್‌ಗೆ ದುಡ್ಡು ಕೊಟ್ಟು ತರುತ್ತೇವೆ, ಕೊಡದೇ ಹಾಕುವವರಿಗೆ ಬಂಡವಾಳ ಸಿಗುತ್ತದಲ್ಲ ಅನ್ನುವ ಸಿಟ್ಟು. ನ್ಯಾಯವಾದದ್ದೇ. ಅದೇ ವರ್ಷ ಏಪ್ರಿಲ್‌ನಲ್ಲಿ ಗೊಂಜೊ ಅನ್ನುವ ಜಪಾನಿನ ಸ್ಟುಡಿಯೊ ಒಂದು ಪ್ರಯೋಗ ಮಾಡಿತು. ಟಿವಿಯಲ್ಲಿ ಬರುವ ಹೊತ್ತಿಗೇ ಇಂಗ್ಲಿಷ್ ಸಬ್‌ಟೈಟಲ್ ಸೇರಿಸಿ ತನ್ನ ಸರಣಿಗಳನ್ನು ಇಂಟರ್ನೆಟ್‌ನಲ್ಲೂ ಬಿಟ್ಟಿತು. ಬಿಟ್ಟ ಜಾಗಗಳಲ್ಲಿ ಕ್ರಂಚಿರೋಲ್ ಕೂಡ ಒಂದು. ಕದಿಯುವವರನ್ನು ಅಟ್ಟಿಸಿಕೊಂಡು ಹೋಗುವ ಬದಲು, ಅವರಿಗಿಂತ ಮೊದಲೇ ತಲುಪಿಸಿದರೆ ಏನಾಗುತ್ತದೆ ಅಂತ ನೋಡುವ ಧೈರ್ಯ ಒಬ್ಬರಿಗಾದರೂ ಬಂತು.

ನಿಜವಾದ ತಿರುವು 2009ರ ಜನವರಿಯಲ್ಲಿ. ಟಿವಿ ಟೋಕಿಯೊ ಅನ್ನುವ ಜಪಾನಿನ ಚಾನೆಲ್ ಜತೆ ಒಪ್ಪಂದವಾಯಿತು. ಅದರ ‘ನರುಟೊ ಶಿಪ್ಪುಡೆನ್’ ಸರಣಿ ಜಪಾನಿನಲ್ಲಿ ಪ್ರಸಾರವಾದ ದಿನವೇ ಸಬ್‌ಟೈಟಲ್ ಜತೆ ಕ್ರಂಚಿರೋಲ್‌ನಲ್ಲಿ ಬರತೊಡಗಿತು. ಜತೆಗೆ ಹಕ್ಕಿಲ್ಲದ ವಿಡಿಯೊಗಳನ್ನೆಲ್ಲ ಅವರು ತೆಗೆದುಹಾಕಿದರು. ಯಾವುದರಿಂದ ಜನ ಸೇರಿದ್ದರೋ ಅದನ್ನೇ ಅಳಿಸುವುದು ಸಣ್ಣ ಮಾತಲ್ಲ. ಸೇರಿದ ಜನ ಎದ್ದು ಹೋಗಬಹುದಿತ್ತು. ಎಷ್ಟೋ ಜನ ಹೋಗಲಿಲ್ಲ. ಮುಂದೆ ಅದೇ ಟಿವಿ ಟೋಕಿಯೊ ಈ ಕಂಪನಿಯಲ್ಲಿ ಹಣವನ್ನೂ ಹೂಡಿತು.

ಅವರು ಹಾಕಿಕೊಂಡ ನಿಯಮ ಸರಳವಾಗಿತ್ತು. ತಿಂಗಳ ಚಂದಾ ಕೊಟ್ಟವರಿಗೆ ಹೊಸ ಕಂತು ಅವತ್ತೇ. ಕೊಡದವರಿಗೆ ಒಂದು ವಾರ ಕಳೆದ ಮೇಲೆ, ಜಾಹೀರಾತಿನ ಜತೆ. ಹಾಗಾಗಿ ಕೈಯಲ್ಲಿ ಕಾಸಿಲ್ಲದ ಹುಡುಗನಿಗೂ ಕಾನೂನಿನ ದಾರಿಯಲ್ಲೇ ಕತೆ ಸಿಗುತ್ತಿತ್ತು. ಒಂದು ವಾರ ತಡ, ಅಷ್ಟೇ. ಸಂಪಾದನೆ ಶುರುವಾದ ಮೇಲೆ ಆ ಹುಡುಗನೇ ಚಂದಾ ಕಟ್ಟುತ್ತಿದ್ದ. 2022ರ ವಸಂತದಿಂದ ಹೊಸ ಸರಣಿಗಳಿಗೆ ಈ ಪುಕ್ಕಟೆ ಬಾಗಿಲನ್ನು ಮುಚ್ಚಿದರು. ವ್ಯಾಪಾರದ ಲೆಕ್ಕದಲ್ಲಿ ಸರಿ ಇರಬಹುದು. ಆದರೆ ಅವರನ್ನು ಬೆಳೆಸಿದ್ದರಲ್ಲಿ ಆ ಬಾಗಿಲಿನ ಪಾಲೂ ಇತ್ತು, ಅದನ್ನು ಮುಚ್ಚಬಾರದಿತ್ತು ಅಂತಲೇ ನನ್ನ ಅನಿಸಿಕೆ.

ಇಲ್ಲಿ ರೈಟ್ಸ್ ಅಂದರೆ ಏನು ಅಂತ ಒಂದು ಮಾತು ಹೇಳಬೇಕು. ನಮ್ಮಲ್ಲಿ ಕಾಳುಮೆಣಸಿನ ಫಸಲನ್ನು ಬಳ್ಳಿಯಲ್ಲಿರುವಾಗಲೇ ಗುತ್ತಿಗೆಗೆ ಕೊಡುತ್ತಾರಲ್ಲ, ಹೆಚ್ಚುಕಡಿಮೆ ಅದೇ ಲೆಕ್ಕ. ಗುತ್ತಿಗೆದಾರ ಮುಂಗಡ ಕೊಡುತ್ತಾನೆ, ಆ ವರ್ಷದ ಫಸಲು ಕೊಯ್ದುಕೊಳ್ಳುತ್ತಾನೆ. ತೋಟವೂ ಬಳ್ಳಿಯೂ ಮಾಲೀಕನದೇ. ಅನಿಮೆಯಲ್ಲಿ ಆ ಮಾಲೀಕ ಒಬ್ಬನೇ ಇರುವುದಿಲ್ಲ. ಪುಸ್ತಕ ಪ್ರಕಾಶಕರು, ಟಿವಿ ಚಾನೆಲ್, ಆಟಿಕೆ ಮಾಡುವವರು, ಹಾಡಿನ ಕಂಪನಿ, ಹೀಗೆ ಹಲವರು ಸೇರಿ ಬಂಡವಾಳ ಹಾಕಿ ಒಂದು ನಿರ್ಮಾಣ ಸಮಿತಿ ಮಾಡಿಕೊಳ್ಳುತ್ತಾರೆ. ಚಿತ್ರ ಬಿಡಿಸುವ ಸ್ಟುಡಿಯೊ ಎಷ್ಟೋ ಸಲ ಆ ಸಮಿತಿಯಲ್ಲಿ ಇರುವುದೇ ಇಲ್ಲ, ಇದ್ದರೂ ಸಣ್ಣ ಪಾಲು. ಹಾಗಾಗಿ ಹೊರದೇಶದಿಂದ ಬರುವ ರೈಟ್ಸ್ ದುಡ್ಡು ಮೊದಲು ಸಮಿತಿಗೆ ಹೋಗುತ್ತದೆ. ರಾತ್ರಿ ಹಗಲು ಕೂತು ಬಿಡಿಸಿದ ಕೈಗಳಿಗೆ ಅದರಲ್ಲಿ ಸಾಕಷ್ಟು ತಲುಪುತ್ತಿಲ್ಲ ಅನ್ನುವ ಕೊರಗು ಜಪಾನಿನಲ್ಲಿ ಹಳೆಯದು. ಚಂದಾ ಕಟ್ಟಿದ ಮಾತ್ರಕ್ಕೆ ಎಲ್ಲ ಸರಿಹೋಯಿತು ಅಂದುಕೊಳ್ಳಲಾಗದು. ಆದರೂ ಕದ್ದು ನೋಡಿದರೆ ಸಮಿತಿಗೂ ಇಲ್ಲ, ಕಲಾವಿದರಿಗೂ ಇಲ್ಲ.

ಗುತ್ತಿಗೆಗೆ ಅವಧಿ ಇರುವ ಹಾಗೆ ರೈಟ್ಸ್‌ಗೂ ಅವಧಿ ಇದೆ, ಜಾಗದ ಮಿತಿಯೂ ಇದೆ. ಅಮೆರಿಕಕ್ಕೆ ತಗೊಂಡ ಹಕ್ಕು ಭಾರತಕ್ಕೆ ನಡೆಯುವುದಿಲ್ಲ. ಬಹಳ ಕಾಲ ನಮ್ಮ ಕಡೆಯಿಂದ ಕ್ರಂಚಿರೋಲ್ ತೆರೆದರೆ ಕಪಾಟು ಅರ್ಧ ಖಾಲಿ ಕಾಣುತ್ತಿತ್ತು. ಈ ಪ್ರದೇಶದಲ್ಲಿ ಲಭ್ಯವಿಲ್ಲ ಅನ್ನುವ ಸಾಲೇ ಜಾಸ್ತಿ. ತೈವಾನಿನ ಮ್ಯೂಸ್ ಕಮ್ಯುನಿಕೇಶನ್, ಹಾಂಗ್‌ಕಾಂಗಿನ ಮೀಡಿಯಾಲಿಂಕ್ ಥರದ ಕಂಪನಿಗಳು ಏಷ್ಯಾದ ಈ ಭಾಗಕ್ಕೆ ಹಲವು ಸರಣಿಗಳ ಹಕ್ಕು ಪಡೆದು, ಕೆಲವನ್ನು ಯೂಟ್ಯೂಬ್‌ನಲ್ಲೇ ಪುಕ್ಕಟೆಯಾಗಿ ಹಾಕಿದವು. ಅದೂ ಕಾನೂನುಬದ್ಧವೇ. ಪುಕ್ಕಟೆ ಸಿಕ್ಕಿದ್ದೆಲ್ಲ ಕಳ್ಳಮಾಲು ಅಂತ ಮಕ್ಕಳನ್ನು ಗದರಿಸುವ ಮೊದಲು, ಹಾಕಿದವರ ಹತ್ತಿರ ಹಕ್ಕು ಇದೆಯಾ ಅಂತ ಒಮ್ಮೆ ನೋಡುವುದು ಒಳ್ಳೆಯದು.

ಒಂದು ಕಂತಿನ ಜತೆ ಬರುವ ಸಬ್‌ಟೈಟಲ್ ಕಡತವನ್ನು ನಾನು ನೋಟ್‌ಪ್ಯಾಡಿನಲ್ಲಿ ತೆರೆದು ನೋಡಿದ್ದೇನೆ. ಅಭಿಮಾನಿಗಳು ಮಾಡುತ್ತಿದ್ದ ಹಳೆಯ ಕಡತ ಅದು. ನನ್ನ ಕೆಲಸವೇ ಅಕ್ಷರದ್ದಾದ್ದರಿಂದ ಕುತೂಹಲ. ಒಳಗೆ ಸಾಲು ಸಾಲಾಗಿ ಸಮಯ ಬರೆದಿರುತ್ತದೆ. ಈ ಮಾತು ನಾಲ್ಕನೇ ನಿಮಿಷದ ಹನ್ನೆರಡನೇ ಸೆಕೆಂಡಿಗೆ ಕಾಣಬೇಕು, ಹದಿನಾಲ್ಕಕ್ಕೆ ಮರೆಯಾಗಬೇಕು. ಸೆಕೆಂಡನ್ನೂ ನೂರು ಭಾಗ ಮಾಡಿ ಬರೆದಿರುತ್ತಾರೆ. ಆಮೇಲೆ ಯಾವ ಫಾಂಟು, ಯಾವ ಬಣ್ಣ, ಪರದೆಯ ಯಾವ ಮೂಲೆ ಅನ್ನುವ ಸೂಚನೆ. ಕೊನೆಯಲ್ಲಿ ಮಾತು. ಇಪ್ಪತ್ತನಾಲ್ಕು ನಿಮಿಷದ ಒಂದು ಕಂತಿಗೆ ಸುಮಾರು 300ರಿಂದ 400 ಸಾಲು. ಕತೆಯೊಳಗೆ ಅಂಗಡಿಯ ಬೋರ್ಡು ಕಂಡರೆ ಅದಕ್ಕೂ ಬೇರೆ ಸಾಲು, ಬೋರ್ಡು ವಾಲಿದ್ದರೆ ಅಕ್ಷರವೂ ಅಷ್ಟೇ ವಾಲಬೇಕು. ಒಬ್ಬರು ಅನುವಾದ ಮಾಡುತ್ತಾರೆ, ಒಬ್ಬರು ಮಾತಿನ ಜತೆ ಸಮಯ ಕೂಡಿಸುತ್ತಾರೆ, ಇನ್ನೊಬ್ಬರು ಓದಿ ತಿದ್ದುತ್ತಾರೆ. ಅಭಿಮಾನಿಗಳು ಇದನ್ನು ನಿದ್ದೆಗೆಟ್ಟು ಮಾಡಿದರು. ಹಕ್ಕು ಪಡೆದ ಸೇವೆಯಲ್ಲಿ ಇದೇ ಕೆಲಸ ಸಂಬಳದ ಕೆಲಸವಾಯಿತು. ಪ್ರಸಾರಕ್ಕೆ ಮೊದಲೇ ಅವರಿಗೆ ಕಂತು, ಸ್ಕ್ರಿಪ್ಟು ಸಿಗುತ್ತದೆ. ಹಾಗಾಗಿಯೇ ಅಲ್ಲಿ ಪ್ರಸಾರವಾದ ಹೊತ್ತಿಗೆ ಇಲ್ಲಿ ಓದಲು ಸಾಲುಗಳು ಸಿದ್ಧ ಇರುತ್ತವೆ.

ಈ ಕೆಲಸವನ್ನು ಹಗುರವಾಗಿ ಕಂಡರೆ ಏನಾಗುತ್ತದೆ ಅನ್ನುವುದೂ ಗೊತ್ತಾಗಿದೆ. 2025ರ ಜುಲೈಯಲ್ಲಿ ಒಂದು ಹೊಸ ಸರಣಿಯ ಜರ್ಮನ್ ಸಬ್‌ಟೈಟಲ್ ಸಾಲಿನೊಳಗೆ, ಕೇಳಿದ್ದನ್ನು ತಾನೇ ಬರೆದುಕೊಡುವ ಎಐ ತಂತ್ರಾಂಶ ಚಾಟ್‌ಜಿಪಿಟಿಯ ಹೆಸರು ಹಾಗೇ ಉಳಿದುಬಿಟ್ಟಿತ್ತು. ಹೊರಗಿನ ಗುತ್ತಿಗೆದಾರರು ಒಪ್ಪಂದ ಮೀರಿ ಮಾಡಿದ್ದು ಅಂತ ಕಂಪನಿ ಹೇಳಿತು. ನೋಡುಗರು ಬಹಳ ನೊಂದುಕೊಂಡರು. ಅವರ ನೋವು ನನಗೆ ಅರ್ಥವಾಗುತ್ತದೆ. ಯಾರೋ ಒಬ್ಬರು ಕೂತು ಯೋಚಿಸಿ ಬರೆದ ಸಾಲು ಅಂತ ನಂಬಿ ನಾವು ಓದುತ್ತೇವೆ ಅಲ್ವಾ?

ಬೆಳವಣಿಗೆಯ ಅಂಕಿಗಳನ್ನು ಬೇಗ ಹೇಳಿ ಮುಗಿಸುತ್ತೇನೆ. 2013ರಲ್ಲಿ ಚೆರ್ನಿನ್ ಗ್ರೂಪ್ ಅನ್ನುವ ಅಮೆರಿಕದ ಹೂಡಿಕೆ ಕಂಪನಿ ದೊಡ್ಡ ಪಾಲು ಕೊಂಡಿತು. 2017ರಲ್ಲಿ ಚಂದಾ ಕಟ್ಟುವವರು 10 ಲಕ್ಷ ಮುಟ್ಟಿದರು. 2018ರಲ್ಲಿ ಕಂಪನಿ ಅಮೆರಿಕದ ಟೆಲಿಫೋನ್ ಕಂಪನಿ ಎಟಿ ಅಂಡ್ ಟಿ ಕೈಗೆ ಹೋಯಿತು. 2021ರ ಆಗಸ್ಟ್‌ನಲ್ಲಿ ಸೋನಿ ಅದನ್ನು 117.5 ಕೋಟಿ ಡಾಲರ್‌ಗೆ ಕೊಂಡಿತು. ಆ ಹೊತ್ತಿಗೆ 50 ಲಕ್ಷ ಚಂದಾದಾರರು. 2023ರ ಶುರುವಿನಲ್ಲಿ ಒಂದು ಕೋಟಿ, 2024ರಲ್ಲಿ ಒಂದೂವರೆ ಕೋಟಿ. ಮೊದಲ ಹತ್ತು ಲಕ್ಷಕ್ಕೆ ಹತ್ತು ವರ್ಷ ಹಿಡಿಯಿತು, ಆಮೇಲಿನ ಓಟವೇ ಬೇರೆ.

ಈ ಓಟದಲ್ಲಿ ಒಂದು ನಷ್ಟವೂ ಆಯಿತು. ಫ್ಯುನಿಮೇಶನ್ ಅನ್ನುವ ಅಮೆರಿಕದ ಹಳೆಯ ಕಂಪನಿ ಆಗಲೇ ಸೋನಿಯ ಕೈಯಲ್ಲಿತ್ತು. ಎರಡನ್ನೂ ಸೇರಿಸಿ ಕ್ರಂಚಿರೋಲ್ ಹೆಸರನ್ನೇ ಉಳಿಸಿಕೊಂಡರು. 2024ರ ಏಪ್ರಿಲ್ 2ಕ್ಕೆ ಫ್ಯುನಿಮೇಶನ್ ಆ್ಯಪ್ ಮುಚ್ಚಿತು. ಡಿವಿಡಿ ಕೊಂಡಾಗ ಸಿಕ್ಕ ಕೋಡ್ ಹಾಕಿ ತಮ್ಮ ಖಾತೆಯಲ್ಲಿ ಡಿಜಿಟಲ್ ಪ್ರತಿ ಸೇರಿಸಿಟ್ಟುಕೊಂಡಿದ್ದವರ ಸಂಗ್ರಹ ಹೊಸ ಮನೆಗೆ ಬರಲಿಲ್ಲ. ವರ್ಷಗಟ್ಟಲೆ ಒಂದೊಂದಾಗಿ ಕೂಡಿಟ್ಟದ್ದು ಹೋಯಿತು. ಪಕ್ಕದ ಅಂಗಡಿಯ ಹುಡುಗ ಈ ಸುದ್ದಿ ಓದಿ, “ಅಕ್ಕಾ, ಹಾಗಾದ್ರೆ ದುಡ್ಡು ಕೊಟ್ರೂ ನಮ್ಮದಾಗಲ್ವಾ?” ಅಂತ ಕೇಳಿದ. ಆಗುವುದಿಲ್ಲ. ನೋಡುವ ಅವಕಾಶಕ್ಕೆ ಮಾತ್ರ ನಾವು ದುಡ್ಡು ಕೊಡುತ್ತಿದ್ದೇವೆ. ಇದನ್ನು ಕಂಪನಿಗಳು ದೊಡ್ಡ ಅಕ್ಷರದಲ್ಲಿ ಹೇಳಬೇಕು. ನನಗೆ ತುಂಬ ಇಷ್ಟವಾದ ಒಂದೆರಡು ಸರಣಿಗಳ ಡಿಸ್ಕ್ ಕೊಂಡು ಬೀರುವಿನಲ್ಲಿ ಇಟ್ಟಿರುವುದು ಇದೇ ಕಾರಣಕ್ಕೆ.

ಭಾರತದ ವಿಷಯಕ್ಕೆ ಬಂದರೆ, ಇಲ್ಲಿ ಇದು ನಿಜವಾಗಿ ಹರಡಿದ್ದು ದರ ಇಳಿದ ಮೇಲೆ. 2022ರಲ್ಲಿ ಹಲವು ದೇಶಗಳಲ್ಲಿ ದರ ಕಡಿಮೆ ಮಾಡಿದರು. ನಮ್ಮಲ್ಲಿ ತಿಂಗಳಿಗೆ 79 ರೂಪಾಯಿಯಿಂದ ಶುರು ಅಂತಾಯಿತು. ಯುಪಿಐನಲ್ಲಿ ಪಟ್ಟಂತ ಕಟ್ಟಬಹುದು. ಪೆನ್ ಡ್ರೈವ್ ಹಿಡಿದು ಕೂರುತ್ತಿದ್ದ ಹುಡುಗರಲ್ಲಿ ಈಗ ಒಬ್ಬ ಕುಶಾಲನಗರದಲ್ಲಿ ಮೆಕ್ಯಾನಿಕ್, ಇನ್ನೊಬ್ಬ ಹೋಮ್‌ಸ್ಟೇ ನೋಡಿಕೊಳ್ಳುತ್ತಾನೆ. ಇಬ್ಬರೂ ಚಂದಾ ಕಟ್ಟುತ್ತಾರೆ. ಯಾರೂ ಅವರಿಗೆ ಕಾನೂನಿನ ಪಾಠ ಹೇಳಿಲ್ಲ. ಹೊತ್ತಿಗೆ ಸರಿಯಾಗಿ ಬರುತ್ತದೆ, ಚಿತ್ರ ಚೆನ್ನಾಗಿರುತ್ತದೆ, ಬೆಲೆ ಕೈಗೆಟಕುತ್ತದೆ. ಅಷ್ಟಾದರೆ ಜನ ಕೊಡುತ್ತಾರೆ. ಸುಮ್ನೆ ಹೇಳುವ ಮಾತಲ್ಲ, ನನ್ನ ಕಣ್ಣೆದುರಿಗೇ ಆದದ್ದು.

ಕೊಡಗಿನಲ್ಲಿ ಹೊತ್ತಿಗೆ ಸರಿಯಾಗಿ ಬರುವುದು ಅಂದರೆ ಅದರ ಹಿಂದೆ ಬೇರೆಯದೇ ಕಷ್ಟ ಇದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿಮಳೆ. ಮರ ಬಿದ್ದರೆ ಕರೆಂಟ್ ಹೋಗುತ್ತದೆ, ಕಂಬದ ಜತೆ ಫೈಬರ್ ಲೈನೂ ಹೋಗುತ್ತದೆ. ನೆಟ್‌ವರ್ಕ್‌ಗಾಗಿ ಗುಡ್ಡ ಹತ್ತುವುದು ಇಲ್ಲಿ ಯಾರಿಗೂ ಹೊಸದಲ್ಲ. ಕೊರೊನಾ ಕಾಲದಲ್ಲಿ ನಮ್ಮ ತಾಲ್ಲೂಕಿನ ಮುಳ್ಳೂರಿನ ಶಿಕ್ಷಕರೊಬ್ಬರು ಸಿಗ್ನಲ್ ಸಿಗಲೆಂದು ಮರದ ಮೇಲೆ ಅಟ್ಟಣಿಗೆ ಕಟ್ಟಿಕೊಂಡು ಮಕ್ಕಳಿಗೆ ಪಾಠ ಮಾಡಿದ್ದು ಪೇಪರಿನಲ್ಲೆಲ್ಲ ಬಂದಿತ್ತು. ಆ ಸಮಯದಲ್ಲೇ ಎಷ್ಟೋ ಮನೆಗಳು ಫೈಬರ್ ಹಾಕಿಸಿಕೊಂಡವು.

ಕಳೆದ ಮಳೆಗಾಲದಲ್ಲಿ ನಮ್ಮ ಮನೆಯ ಲೈನ್ ತುಂಡಾದಾಗ ಜೋಡಿಸಲು ಬಂದ ಹುಡುಗನ ಪಕ್ಕ ಕೊಡೆ ಹಿಡಿದು ನಿಂತಿದ್ದೆ. ಸಿಲ್ವರ್ ಮರಕ್ಕೆ ಕಟ್ಟಿದ್ದ ಕಪ್ಪು ಕೇಬಲ್. ಅದರ ಸಿಪ್ಪೆ ಸುಲಿದರೆ ಒಳಗೆ ಕೂದಲೆಳೆಯಷ್ಟು ಗಾಜಿನ ಎಳೆ. ಅದನ್ನು ಸ್ಪಿರಿಟ್‌ನಲ್ಲಿ ಒರೆಸಿದ. ಚೂಪಾದ ಸಲಕರಣೆಯಲ್ಲಿ ತುದಿಯನ್ನು ನೇರಕ್ಕೆ ಕತ್ತರಿಸಿದ. ಎರಡೂ ತುದಿಗಳನ್ನು ಒಂದು ಪುಟ್ಟ ಮಷೀನಿನಲ್ಲಿ ಎದುರುಬದುರು ಇಟ್ಟು ಮುಚ್ಚಳ ಹಾಕಿದ. ಮಷೀನಿನ ಪರದೆಯಲ್ಲಿ ಆ ಎಳೆಗಳು ದಪ್ಪನೆಯ ಕೋಲಿನಂತೆ ಕಂಡವು. ತಾವಾಗಿಯೇ ಒಂದಕ್ಕೊಂದು ನೇರಕ್ಕೆ ಬಂದು ನಿಂತವು. ಚಿಕ್ಕ ಕಿಡಿ ಹೊಡೆಯಿತು, ಎರಡೂ ಕರಗಿ ಒಂದಾದವು. ಒಂದು ಹನಿ ನೀರು ಬಿದ್ದರೂ ಮತ್ತೆ ಮೊದಲಿಂದ. ಕೊಡೆ ಅಲ್ಲಾಡಿಸಬೇಡಿ ಅಕ್ಕಾ ಅಂತ ಅವನು ಆಗಾಗ ಹೇಳುತ್ತಿದ್ದ. ಜಪಾನಿನ ಕಂತು ನಮ್ಮ ಮನೆಗೆ ಬರುವುದು ಇಂಥ ಎಳೆಯಲ್ಲೇ. ಬೆಳವಣಿಗೆ ಅನ್ನುವ ಮಾತು ಬಂದಾಗ ಈ ಹುಡುಗರ ಹೆಸರು ಯಾರೂ ಎತ್ತುವುದಿಲ್ಲ. ಎತ್ತಬೇಕು.

ಸ್ಟ್ರೀಮಿಂಗ್ ಮಾಡುವವರೂ ಇಂಥ ಊರುಗಳಿಗೆ ಆಗುವಂಥ ಉಪಾಯ ಮಾಡಿದ್ದಾರೆ. ಒಂದೇ ವಿಡಿಯೊವನ್ನು ಬೇರೆ ಬೇರೆ ಗುಣಮಟ್ಟದಲ್ಲಿ ಸಿದ್ಧ ಮಾಡಿ, ಒಂದೊಂದನ್ನೂ ಕೆಲವೇ ಸೆಕೆಂಡಿನ ತುಂಡುಗಳಾಗಿ ಕತ್ತರಿಸಿಟ್ಟಿರುತ್ತಾರೆ. ನಮ್ಮ ಫೋನು ಲೈನಿನ ವೇಗ ನೋಡಿ ಮುಂದಿನ ತುಂಡು ಯಾವುದು ಬೇಕು ಅಂತ ಕೇಳುತ್ತದೆ. ವೇಗ ಬಿದ್ದರೆ ಚಿತ್ರ ಮಸುಕಾಗುತ್ತದೆ, ಆದರೆ ಕತೆ ನಿಲ್ಲುವುದಿಲ್ಲ. ಸ್ವಲ್ಪ ಜಾಸ್ತಿ ಚಂದಾ ಕೊಟ್ಟರೆ ಕಂತನ್ನು ಫೋನಿಗೆ ಇಳಿಸಿಕೊಂಡು ಆಮೇಲೆ ನೋಡಬಹುದು. ಆಷಾಢದಲ್ಲಿ ನಮ್ಮ ಮನೆಯಲ್ಲಿ ನಡೆಯುವುದು ಹಾಗೆಯೇ. ಕರೆಂಟ್ ಬಂದಾಗ ಇಳಿಸು, ಹೋದಾಗ ನೋಡು.

ಇನ್ನು ನನ್ನ ಮುಖ್ಯ ಮಾತು. ಅಣ್ಣನ ಮಗಳು ಸರ್ಕಾರಿ ಶಾಲೆಯಲ್ಲಿ ಕನ್ನಡ ಮೀಡಿಯಂನಲ್ಲಿ ಒಂಬತ್ತನೇ ಕ್ಲಾಸ್ ಓದುತ್ತಾಳೆ. ಇಂಗ್ಲಿಷ್ ಸಬ್‌ಟೈಟಲ್ ಓದುತ್ತ ನೋಡುತ್ತಾಳೆ. ಸಾಲು ಬೇಗ ಹೋದರೆ ನಿಲ್ಲಿಸುತ್ತಾಳೆ, ಹಿಂದಕ್ಕೆ ಎಳೆಯುತ್ತಾಳೆ, ಗೊತ್ತಿಲ್ಲದ ಪದವನ್ನು ನೋಟ್‌ಬುಕ್ಕಿನ ಕೊನೇ ಹಾಳೆಯಲ್ಲಿ ಬರೆದುಕೊಳ್ಳುತ್ತಾಳೆ. ಇಪ್ಪತ್ತನಾಲ್ಕು ನಿಮಿಷದ ಕಂತು ಮುಗಿಯಲು ಒಂದು ಗಂಟೆ ಹತ್ತಿರ ಬೇಕು. ಅವಳ ಛಲ ನೋಡಿದರೆ ನನಗೆ ಹೆಮ್ಮೆ. ಆದರೆ ನಗಬೇಕಾದ ಜಾಗದಲ್ಲಿ ಅವಳು ನಗುವುದು ತಡವಾಗುತ್ತದೆ. ಅಳು ಬರಬೇಕಾದ ಜಾಗದಲ್ಲಿ ನಿಲ್ಲಿಸಿ ಅರ್ಥ ಹುಡುಕುತ್ತಿರುತ್ತಾಳೆ. ಅವಳ ತಮ್ಮನಿಗೆ ಅಷ್ಟು ತಾಳ್ಮೆ ಇಲ್ಲ, ಹಿಂದಿ ಡಬ್ಬಿಂಗ್ ಹಾಕಿಕೊಳ್ಳುತ್ತಾನೆ. ಅತ್ತಿಗೆಗೆ ಎರಡೂ ಆಗದು. ಮಕ್ಕಳ ಪಕ್ಕ ಕೂತು ಸ್ವಲ್ಪ ಹೊತ್ತು ಚಿತ್ರ ನೋಡಿ ಎದ್ದು ಹೋಗುತ್ತಾರೆ.

ಕ್ರಂಚಿರೋಲ್ ಭಾರತದಲ್ಲಿ ಮೊದಲು ಹಿಂದಿ, ಆಮೇಲೆ ತಮಿಳು, ತೆಲುಗು ಡಬ್ಬಿಂಗ್ ತಂದಿತು. ಇದನ್ನು ಬರೆಯುವ ಹೊತ್ತಿಗೆ ಆ ಪಟ್ಟಿಯಲ್ಲಿ ಕನ್ನಡ ಕಾಣುತ್ತಿಲ್ಲ. ಕಂಪನಿಯವರು ಜನಸಂಖ್ಯೆ ನೋಡುತ್ತಾರೆ ಅಂತ ಎಲ್ಲರೂ ಹೇಳುತ್ತಾರೆ. 2011ರ ಜನಗಣತಿಯಲ್ಲಿ ಕನ್ನಡವನ್ನು ತಾಯ್ನುಡಿ ಅಂತ ಬರೆಸಿದವರು 4.37 ಕೋಟಿ. ತಮಿಳಿಗೆ 6.9 ಕೋಟಿ, ತೆಲುಗಿಗೆ 8.11 ಕೋಟಿ. ಅಂತರ ಇದೆ, ಒಪ್ಪುತ್ತೇನೆ. ಆದರೆ ನಾಲ್ಕು ಕೋಟಿ ಸಣ್ಣದಲ್ಲ. ಯುರೋಪಿನ ಎಷ್ಟೋ ದೇಶಗಳಲ್ಲಿ ಅಷ್ಟು ಜನ ಇಲ್ಲ.

ಸಂಖ್ಯೆಗಿಂತ ನಮ್ಮನ್ನು ಹಿಂದೆ ಹಾಕಿದ್ದು ನಮ್ಮದೇ ಹಳೆಯ ಅಭ್ಯಾಸ ಅಂತ ನನಗೆ ಅನ್ನಿಸುತ್ತದೆ. 1960ರ ದಶಕದಿಂದ ಕನ್ನಡಕ್ಕೆ ಡಬ್ಬಿಂಗ್ ಬೇಡ ಅನ್ನುವ ಅಲಿಖಿತ ನಿಯಮ ಇತ್ತು. ಆಗ ಕನ್ನಡ ಚಿತ್ರರಂಗ ಇನ್ನೂ ಎಳೆಯದು, ಕಲಾವಿದರ ಅನ್ನದ ಪ್ರಶ್ನೆ ಇತ್ತು. ಅವರ ಕಾಳಜಿ ಸುಳ್ಳಲ್ಲ. ಆದರೆ ಕಾಲ ಬದಲಾದ ಮೇಲೂ ನಿಯಮ ಉಳಿಯಿತು. 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗ, ಡಬ್ಬಿಂಗ್ ತಡೆಯುವುದು ಸ್ಪರ್ಧೆಗೆ ವಿರುದ್ಧ ಅಂತ ಆದೇಶ ಕೊಟ್ಟಿತು. ಆಮೇಲೆ ನಿಧಾನವಾಗಿ ಬಾಗಿಲು ತೆರೆಯಿತು. 2020ರ ಲಾಕ್‌ಡೌನ್‌ನಲ್ಲಿ ಕನ್ನಡಕ್ಕೆ ಡಬ್ ಆದ ಮಹಾಭಾರತ ಧಾರಾವಾಹಿಯನ್ನು ಜನ ಮನೆಮಂದಿಯೆಲ್ಲ ಕೂತು ನೋಡಿದರು. ನಮ್ಮ ಬೀದಿಯಲ್ಲಿ ಆ ಸಮಯಕ್ಕೆ ಎಲ್ಲ ಮನೆಯಿಂದಲೂ ಅದೇ ದನಿ.

ಮಕ್ಕಳ ವಿಷಯದಲ್ಲಿ ಇನ್ನೂ ಮೊದಲೇ ಒಂದು ದಾರಿ ತೆರೆದಿತ್ತು. 2009ರಲ್ಲಿ ಚಿಂಟು ಟಿವಿ ಶುರುವಾಯಿತು. ಬೇರೆ ದೇಶದ ಕಾರ್ಟೂನುಗಳು ಅದರಲ್ಲಿ ಕನ್ನಡ ಮಾತಾಡಿದವು. ಕ್ರಂಚಿರೋಲ್ ಕಾನೂನಿನ ದಾರಿಗೆ ಬಂದ ವರ್ಷವೂ ಅದೇ. ಆವತ್ತು ಚಿಂಟು ನೋಡಿದ ಮಕ್ಕಳು ಈಗ ಇಪ್ಪತ್ತು ದಾಟಿದ್ದಾರೆ, ಸಂಪಾದಿಸುತ್ತಾರೆ, ಚಂದಾ ಕಟ್ಟುವ ವಯಸ್ಸಿನವರು. ಕನ್ನಡದಲ್ಲಿ ಕೇಳಿ ಬೆಳೆದ ಕಿವಿಗಳು ಅವು. ಮಾರುಕಟ್ಟೆ ಇಲ್ಲ ಅನ್ನುವವರು ಇವರನ್ನು ಲೆಕ್ಕಕ್ಕೆ ತಗೊಂಡಿಲ್ಲ.

ಸಣ್ಣ ಭಾಷೆಗೂ ನೋಡುಗರು ಇರುತ್ತಾರೆ ಅನ್ನುವುದಕ್ಕೆ ನಾವು ದೂರ ಹೋಗಬೇಕಿಲ್ಲ. 1997ರಲ್ಲಿ ಕರಡದಲ್ಲಿ ಶುರುವಾದ ಕೊಡವ ಕೌಟುಂಬಿಕ ಹಾಕಿ ಈಗ ಫೋನಿನಲ್ಲಿ ನೇರ ಪ್ರಸಾರವಾಗುತ್ತದೆ. ಕೊಡವ ತಕ್ಕ್ ಮಾತಾಡುವವರು ಹೆಚ್ಚೆಂದರೆ ಒಂದು ಲಕ್ಷದ ಆಸುಪಾಸು. ಆದರೂ ಆ ಭಾಷೆಯ ವೀಕ್ಷಕ ವಿವರಣೆ ಕೇಳಲು ದುಬೈನಲ್ಲಿ, ಬೆಂಗಳೂರಿನಲ್ಲಿ, ಎಸ್ಟೇಟಿನ ಒಳಗೆ ಜನ ಫೋನ್ ಹಿಡಿದು ಕೂರುತ್ತಾರೆ. ನಮ್ಮ ಮನೆಮಾತು ಕನ್ನಡ, ನನಗೆ ಅರ್ಧ ಮಾತ್ರ ತಿಳಿಯುತ್ತದೆ. ಆದರೆ ಗೋಲ್ ಆದಾಗ ಪಕ್ಕದ ಮನೆಯ ಅಜ್ಜಿಯ ಮುಖ ನೋಡಿದ್ದೇನೆ. ತನ್ನ ಮಾತಿನಲ್ಲಿ ಕೇಳುವ ಖುಷಿಗೆ ಬದಲಿ ಇಲ್ಲ.

ಡಬ್ಬಿಂಗ್‌ಗೆ ದುಡ್ಡು ಜಾಸ್ತಿ ಬೇಕು. ದನಿ ಕಲಾವಿದರು, ಸ್ಟುಡಿಯೊ, ನಿರ್ದೇಶಕರು ಎಲ್ಲ ಬೇಕು. ಹಾಗಾಗಿ ಮೊದಲು ಕನ್ನಡ ಸಬ್‌ಟೈಟಲ್ ಕೇಳೋಣ ಅನ್ನುವುದು ನನ್ನ ಸಲಹೆ. ಇಬ್ಬರು ಮೂವರು ಒಳ್ಳೆಯ ಅನುವಾದಕರಿದ್ದರೆ ಒಂದು ಸರಣಿ ಮುಗಿಯುತ್ತದೆ. ಇದರಲ್ಲಿ ಅಕ್ಷರದ ತೊಡಕುಗಳೂ ಇವೆ, ಅವು ನನ್ನ ಅಂಗಡಿಯ ದಿನನಿತ್ಯದ ತೊಡಕುಗಳೇ. ನಮ್ಮಲ್ಲಿ ಇನ್ನೂ ಎಷ್ಟೋ ಜನ ನುಡಿ, ಬರಹದ ಹಳೆಯ ಫಾಂಟಿನಲ್ಲಿ ಟೈಪ್ ಮಾಡುತ್ತಾರೆ. ಅದನ್ನು ಸಬ್‌ಟೈಟಲ್ ಕಡತಕ್ಕೆ ಹಾಕಿದರೆ ಅಕ್ಷರದ ಬದಲು ಗೀಟು ಚುಕ್ಕೆ ಬರುತ್ತದೆ. ಎಲ್ಲ ಫೋನು, ಕಂಪ್ಯೂಟರಿನಲ್ಲೂ ಕನ್ನಡವಾಗಿಯೇ ಕಾಣುವ ಯೂನಿಕೋಡ್‌ನಲ್ಲೇ ಬರೆಯಬೇಕು. ಎರಡು ಸಾಲು ಬಂದರೆ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸು, ತಲೆಕಟ್ಟಿಗೆ ತಾಗುತ್ತದೆ. ಸಾಲಿನ ನಡುವೆ ಅಂತರ ಹೆಚ್ಚು ಬಿಡಬೇಕು. ಇಂಗ್ಲಿಷಿನಲ್ಲಿ ಸಾಲಿಗೆ 42 ಅಕ್ಷರ ಅನ್ನುವ ರೂಢಿ ಇದೆ. ನಮ್ಮ ಪದಗಳು ಉದ್ದ, ಅದೇ ಅಳತೆ ಇಟ್ಟರೆ ಪದ ಒಡೆಯಬೇಕಾಗುತ್ತದೆ. ಅದಕ್ಕೆ ಅನುವಾದಕ್ಕೆ ಕೂರುವವರು ಗ್ರಂಥದ ಭಾಷೆ ಬಿಟ್ಟು ಮಾತಿನ ಭಾಷೆಯಲ್ಲಿ, ಚಿಕ್ಕ ಚಿಕ್ಕದಾಗಿ ಬರೆಯಬೇಕು. ಇವೆಲ್ಲ ಮಾಡಲಾಗದ ಕೆಲಸಗಳೇನಲ್ಲ. ಮಾಡಿಸುವ ಮನಸ್ಸು ಬೇಕು, ಕೇಳುವ ಬಾಯಿ ಬೇಕು.

ಕೇಳುವ ಕೆಲಸವನ್ನು ಅಣ್ಣನ ಮಗಳೇ ಶುರು ಮಾಡಿದ್ದಾಳೆ. ಒಂದು ಸಂಜೆ ಅಂಗಡಿಗೆ ಬಂದು, “ಅತ್ತೆ, ತಹಶೀಲ್ದಾರ್‌ಗೆಲ್ಲ ಬರ್ಕೊಡ್ತೀರಲ್ಲ, ನಮ್ಗೂ ಒಂದು ಅರ್ಜಿ ಮಾಡ್ಕೊಡಿ” ಅಂದಳು. ಅವಳು ಹೇಳುತ್ತ ಹೋದಳು, ನಾನು ಟೈಪ್ ಮಾಡಿದೆ. ನಾವು ಕೊಡಗು ಜಿಲ್ಲೆಯವರು, ಕನ್ನಡ ಓದುವವರು, ನಿಮ್ಮ ಚಂದಾದಾರರು. ಪ್ರತಿ ಸೀಸನ್ನಿಗೆ ಒಂದು ಸರಣಿಗಾದರೂ ಕನ್ನಡ ಸಬ್‌ಟೈಟಲ್ ಕೊಡಿ. ಯಂತ್ರದಿಂದ ಮಾಡಿಸಬೇಡಿ, ಕನ್ನಡ ಬಲ್ಲವರಿಂದ ಮಾಡಿಸಿ, ಅವರಿಗೆ ಸರಿಯಾದ ಸಂಬಳ ಕೊಡಿ. ಕೊನೆಯ ಸಾಲು ಪೂರ್ತಿ ಅವಳದೇ ಯೋಚನೆ. ಅರ್ಜಿಯ ಕೆಳಗೆ ಅದರದೇ ಇಂಗ್ಲಿಷ್ ಪ್ರತಿ ಸೇರಿಸಿದ್ದೇವೆ. ಆ್ಯಪಿನ ಸಹಾಯ ವಿಭಾಗದಲ್ಲಿ ಹಾಕುವಷ್ಟು ಚಿಕ್ಕದಾಗಿಯೂ ಒಂದು ಮಾಡಿಟ್ಟಿದ್ದೇವೆ.

ಅವಳ ಕ್ಲಾಸಿನ ಗೆಳತಿಯರು ಕಳಿಸಿದ್ದಾರೆ. ಮೆಕ್ಯಾನಿಕ್ ಹುಡುಗ ಕಳಿಸಿದ್ದಾನೆ, ಹೋಮ್‌ಸ್ಟೇ ಹುಡುಗ ಇವತ್ತು ನಾಳೆ ಅನ್ನುತ್ತಿದ್ದಾನೆ. ಮಾದರಿ ಬೇಕಾದವರು ಕೇಳಿ, ಯೂನಿಕೋಡ್‌ನಲ್ಲೇ ಇದೆ, ಹಾಗೇ ಕಾಪಿ ಮಾಡಿಕೊಳ್ಳಬಹುದು. ಕಳಿಸುವಾಗ ಚಂದಾ ಕಟ್ಟುವವರು ಅನ್ನುವುದನ್ನು ಮೊದಲ ಸಾಲಿನಲ್ಲೇ ಹೇಳಿ. ನಿಮ್ಮ ಊರಿನ ಹೆಸರನ್ನೂ ಬಿಡಬೇಡಿ. ಶನಿವಾರಸಂತೆ, ಗೋಣಿಕೊಪ್ಪ, ಸುಂಟಿಕೊಪ್ಪ, ಯಾವುದಾದರೂ ಸರಿ, ಬರೆಯಿರಿ.